ಕಾರ್ಖಾನೆಯ ತ್ಯಾಜ್ಯ ನೀರು ಮತ್ತು ಮಂಡಳಿಯ ಸಮ್ಮತಿ ಪತ್ರ: ಚರಂಡಿಯ ಕೊನೆಯನ್ನು ತಿಳಿದು ಅರ್ಜಿ ಸಲ್ಲಿಸಿ

ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಸಮ್ಮತಿ ಪತ್ರ ಕೋರಿ ಸಲ್ಲಿಸುವ ಅರ್ಜಿಯಲ್ಲಿ ತ್ಯಾಜ್ಯ ನೀರನ್ನು ಎಲ್ಲಿಗೆ ಬಿಡಲಾಗುವುದು ಎಂಬ ಪ್ರಶ್ನೆಯೊಂದಿದೆ. ಈ ಪ್ರಶ್ನೆಗೆ "ಸಾರ್ವಜನಿಕ ಚರಂಡಿಗೆ" ಎಂದು ಎರಡೇ ಪದಗಳಲ್ಲಿ ಉತ್ತರ ಬರೆದು ಮುಂದಿನ ಅಂಕಣಕ್ಕೆ ಹೋಗುವುದು ಸಣ್ಣ ಉದ್ದಿಮೆದಾರರಿಗೆ ಸುಲಭವಾಗಿ ಕಾಣುತ್ತದೆ. ಆದರೆ ಸಂಸ್ಕರಣಾ ಘಟಕಕ್ಕೆ ತಗಲುವ ವೆಚ್ಚ, ಪರೀಕ್ಷೆಯಲ್ಲಿ ಪಾಲಿಸಬೇಕಾದ ಮಿತಿಗಳು, ಮುಂದೆ ನೋಟಿಸು ಬಂದರೆ ನಮ್ಮ ಸಮರ್ಥನೆ ಈ ಮೂರೂ ಆ ಎರಡು ಪದಗಳನ್ನೇ ಅವಲಂಬಿಸಿವೆ. ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಉದ್ದಿಮೆದಾರರು ಹಾಗೂ ವರ್ತಕರು ಈ ವಿಷಯದಲ್ಲಿ ತಿಳಿದಿರಬೇಕಾದ ಅಂಶಗಳನ್ನು ಕ್ರಮವಾಗಿ ವಿವರಿಸುವುದು ಈ ಲೇಖನದ ಉದ್ದೇಶ.

ನಮ್ಮ ಜಿಲ್ಲೆಗೆ ಇದರ ಮಹತ್ವ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್, ದಕ್ಷಿಣ ಪಿನಾಕಿನಿ ಮತ್ತು ಪಾಪಾಘ್ನಿ ಮಳೆ ಬಂದಾಗ ಮಾತ್ರ ಹರಿದು ನೆರೆಯ ರಾಜ್ಯಗಳಿಗೆ ಹೋಗುತ್ತವೆ. ಮಿಕ್ಕ ಕಾಲದಲ್ಲಿ ಜನರಿಗೂ ಜಾನುವಾರುಗಳಿಗೂ ಕಾರ್ಖಾನೆಗಳಿಗೂ ಕೆರೆ ಮತ್ತು ಕೊಳವೆ ಬಾವಿಗಳೇ ಆಧಾರ. ದೊಡ್ಡ ನದಿಯ ದಡದಲ್ಲಿರುವ ಊರಿನಲ್ಲಿ ಕೊಳಚೆ ನೀರು ಹರಿವಿನಲ್ಲಿ ಬೆರೆತು ದೂರ ಸಾಗಬಹುದು. ಇಲ್ಲಿ ಹಾಗಾಗುವುದಿಲ್ಲ. ನಮ್ಮ ಚರಂಡಿಯ ನೀರು ರಾಜಕಾಲುವೆಯ ಮೂಲಕ ಕೆರೆಗೆ ಸೇರಿ, ಕೆರೆಯಂಗಳದಲ್ಲಿ ಇಂಗಿ, ಕೊನೆಗೆ ನಮ್ಮದೇ ಕೊಳವೆ ಬಾವಿಗೆ ಬರುತ್ತದೆ.

ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಘಟಕಗಳಲ್ಲಿ ಎರಡನೆಯ ಹಂತದವರೆಗೆ ಶುದ್ಧೀಕರಿಸಿದ ನೀರನ್ನು ದಿನಕ್ಕೆ 440 ದಶಲಕ್ಷ ಲೀಟರ್ ಪ್ರಮಾಣದಲ್ಲಿ ಕೋಲಾರ ಜಿಲ್ಲೆ ಮತ್ತು ಚಿಂತಾಮಣಿ ಭಾಗದ 126 ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ನರಸಾಪುರದ ಬಳಿಯ ಲಕ್ಷ್ಮೀಸಾಗರ ಕೆರೆಗೆ ಮೊದಲು ತಲುಪಿತು. ಮರುತಿಂಗಳೇ ನೀರಿನಲ್ಲಿ ನೊರೆ ಕಾಣಿಸಿಕೊಂಡು ವಿವಾದ ಉಚ್ಚ ನ್ಯಾಯಾಲಯವನ್ನು ಮುಟ್ಟಿತು. ಯೋಜನೆ ಮುಂದುವರಿದರೂ ಜಿಲ್ಲೆಯ ಕೆರೆ ನೀರಿನ ಗುಣಮಟ್ಟದ ಮೇಲೆ ರೈತರು, ಸಂಘಟನೆಗಳು ಮತ್ತು ನ್ಯಾಯಾಲಯಗಳು ಕಣ್ಣಿಡುವಂತಾಯಿತು. ಹೀಗಿರುವಾಗ ಕೆರೆಯ ದಾರಿಯಲ್ಲಿರುವ ಒಂದು ಕಾರ್ಖಾನೆಯ ಚರಂಡಿಯಲ್ಲಿ ಬಣ್ಣದ ನೀರು ಕಂಡರೆ ದೂರು ಬರಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಪಾಲಾರ್ ನದಿಯ ಕೆಳಭಾಗದಲ್ಲಿ ನಡೆದುದು ನಮಗೆಲ್ಲ ಪಾಠವಾಗಬೇಕು. ತಮಿಳುನಾಡಿನ ವೆಲ್ಲೂರು ಸೀಮೆಯ ಚರ್ಮ ಹದಗಾರಿಕೆ ಘಟಕಗಳು ಸಂಸ್ಕರಿಸದ ನೀರನ್ನು ಇದೇ ನದಿಯ ಪಾತ್ರಕ್ಕೂ ಹೊಲಗಳಿಗೂ ಬಿಟ್ಟ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರ ಆಗಸ್ಟ್ 28ರಂದು ತೀರ್ಪು ನೀಡಿತು. ಮಾಲಿನ್ಯ ಮಾಡಿದವನೇ ಅದರ ಪರಿಹಾರವನ್ನೂ ಪುನರುಜ್ಜೀವನದ ವೆಚ್ಚವನ್ನೂ ಭರಿಸಬೇಕು ಎಂಬ ತತ್ತ್ವ ಈ ದೇಶದ ಕಾನೂನಿನ ಭಾಗವೆಂದು ಅಲ್ಲಿ ಸ್ಪಷ್ಟವಾಯಿತು. ಪ್ರತಿ ಘಟಕಕ್ಕೆ 10,000 ರೂಪಾಯಿ ದಂಡ ವಿಧಿಸಿ, ಸಂಸ್ಕರಣೆಯ ವ್ಯವಸ್ಥೆ ಮಾಡಿಕೊಳ್ಳದ ಘಟಕಗಳನ್ನು ಮುಚ್ಚಲು ಆದೇಶವಾಯಿತು. ಅದೇ ನದಿಯ ಮಾಲಿನ್ಯದ ವಿಷಯ 2025ರ ಜನವರಿಯಲ್ಲಿ ಮತ್ತೆ ಸರ್ವೋಚ್ಚ ನ್ಯಾಯಾಲಯದ ತೀರ್ಪಿಗೆ ಬಂದಿತೆಂದರೆ ಒಮ್ಮೆ ಕೆಟ್ಟ ನೆಲ–ಜಲ ಎಷ್ಟು ಕಾಲ ಬಾಧಿಸುತ್ತದೆ ಎಂಬುದನ್ನು ಊಹಿಸಬಹುದು.

ಕಾನೂನಿನ ಚೌಕಟ್ಟು

ಈ ವಿಷಯದ ಮೂಲ ಕಾನೂನು 1974ರ ಜಲ (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಅಧಿನಿಯಮ. ಅದರ 25ನೆಯ ಪ್ರಕರಣದ ಪ್ರಕಾರ ತೊರೆ, ಬಾವಿ, ಚರಂಡಿ ಅಥವಾ ನೆಲದ ಮೇಲೆ ಕೊಳಚೆ ಇಲ್ಲವೇ ತ್ಯಾಜ್ಯ ನೀರನ್ನು ಬಿಡುವ ಸಂಭವವಿರುವ ಯಾವುದೇ ಉದ್ದಿಮೆಯನ್ನು ಮಂಡಳಿಯ ಪೂರ್ವ ಸಮ್ಮತಿಯಿಲ್ಲದೆ ಸ್ಥಾಪಿಸುವಂತಿಲ್ಲ. ಸ್ಥಾಪಿಸಲು ಕ್ರಮ ಕೈಗೊಳ್ಳುವುದನ್ನೂ ಈ ಪ್ರಕರಣ ನಿಷೇಧಿಸುತ್ತದೆ ಎಂಬುದನ್ನು ಗಮನಿಸಬೇಕು. ಅಂದರೆ ಪಾಯ ತೋಡುವ ಮೊದಲೇ ಸಮ್ಮತಿ ಕೈಯಲ್ಲಿರಬೇಕು. ಈಗಿರುವ ಘಟಕದ ವಿಸ್ತರಣೆಗೂ, ಸಂಸ್ಕರಣಾ ವ್ಯವಸ್ಥೆಯ ಬದಲಾವಣೆಗೂ ಇದೇ ನಿಯಮ ಅನ್ವಯಿಸುತ್ತದೆ.

ಈ ಕಾಯಿದೆಯ ಮೂರು ವ್ಯಾಖ್ಯೆಗಳನ್ನು ಪ್ರತಿಯೊಬ್ಬ ಉದ್ದಿಮೆದಾರರೂ ಅರಿತಿರಬೇಕು.

1. ಚರಂಡಿ ಎಂದರೆ ಕೊಳಚೆಯನ್ನಾಗಲಿ ಕಾರ್ಖಾನೆಯ ತ್ಯಾಜ್ಯವನ್ನಾಗಲಿ ಸಾಗಿಸುವ ಯಾವುದೇ ಕೊಳವೆ ಅಥವಾ ಕಾಲುವೆ. ಅದು ತೆರೆದಿರಲಿ, ಮುಚ್ಚಿರಲಿ.

2. ತೊರೆ ಎಂಬ ಪದದಲ್ಲಿ ನದಿಯಷ್ಟೇ ಅಲ್ಲದೆ ಸದ್ಯಕ್ಕೆ ಒಣಗಿರುವ ಹಳ್ಳ, ನೈಸರ್ಗಿಕ ಅಥವಾ ಕೃತಕ ಜಲಾಶಯ ಮತ್ತು ಅಂತರ್ಜಲವೂ ಸೇರಿವೆ. ಆದುದರಿಂದ ಬತ್ತಿದ ಕೊಳವೆ ಬಾವಿಗೆ ತ್ಯಾಜ್ಯ ನೀರನ್ನು ಇಳಿಸುವುದು ನದಿಗೆ ವಿಷ ಬಿಟ್ಟಂತೆಯೇ ಅಪರಾಧ. ಬತ್ತಿದ ಬಾವಿಗಳು ಹೇರಳವಾಗಿರುವ ನಮ್ಮ ಜಿಲ್ಲೆಯಲ್ಲಿ ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ಮೇಲೆ ಹರಿದ ಕೊಳಕು ಕಣ್ಣಿಗೆ ಕಂಡೀತು. ಆಳಕ್ಕೆ ಇಳಿದದ್ದನ್ನು ಹಿಂದಕ್ಕೆ ತೆಗೆಯುವ ಉಪಾಯವಿಲ್ಲ.

3. ವ್ಯಾಪಾರ ತ್ಯಾಜ್ಯ ಎಂದರೆ ಗೃಹಬಳಕೆಯ ಕೊಳಚೆಯನ್ನುಳಿದು ಉದ್ದಿಮೆಯ ಆವರಣದಿಂದ ಹೊರಬರುವ ದ್ರವ, ಅನಿಲ ಅಥವಾ ಘನ ವಸ್ತು. ಕಾರ್ಮಿಕರ ಶೌಚಾಲಯ ಮತ್ತು ಕ್ಯಾಂಟೀನಿನ ನೀರನ್ನು ಇದರಿಂದ ಬೇರೆಯಾಗಿ ಲೆಕ್ಕ ಹಿಡಿದು ಅರ್ಜಿಯಲ್ಲಿ ಬೇರೆಯಾಗಿಯೇ ತೋರಿಸಬೇಕು.

ನಮ್ಮ ರಾಜ್ಯದಲ್ಲಿ ಸಮ್ಮತಿ ಎರಡು ಹಂತಗಳಲ್ಲಿ ದೊರೆಯುತ್ತದೆ. ಮೊದಲನೆಯದು ಸ್ಥಾಪನಾ ಸಮ್ಮತಿ. ಕಟ್ಟಡ, ಯಂತ್ರ ಮತ್ತು ಸಂಸ್ಕರಣಾ ಘಟಕ ಸಿದ್ಧವಾದ ಮೇಲೆ ಪಡೆಯುವುದು ಕಾರ್ಯಾಚರಣೆಯ ಸಮ್ಮತಿ. ಮೊದಲನೆಯದನ್ನು ಪಡೆದು ಎರಡನೆಯದಿಲ್ಲದೆ ಉತ್ಪಾದನೆ ಆರಂಭಿಸಿದರೆ ಸಮ್ಮತಿಯಿಲ್ಲದೆ ನಡೆಸಿದಂತೆಯೇ ಸರಿ. ಉದ್ದಿಮೆಗಳನ್ನು ಮಾಲಿನ್ಯದ ಪ್ರಮಾಣಕ್ಕೆ ತಕ್ಕಂತೆ ಕೆಂಪು, ಕಿತ್ತಳೆ, ಹಸಿರು, ಬಿಳಿ ಎಂಬ ವರ್ಗಗಳಾಗಿ ವಿಂಗಡಿಸಲಾಗಿದೆ. ಈ ಪಟ್ಟಿಯನ್ನು ಕೇಂದ್ರ ಮಂಡಳಿಯು 2016ರಲ್ಲಿ ಪರಿಷ್ಕರಿಸಿತು, 2025ರಲ್ಲಿ ಮತ್ತೆ ಪರಿಷ್ಕರಿಸಿತು. ಹಳೆಯ ಪಟ್ಟಿಯನ್ನು ನಂಬಿ ಅರ್ಜಿ ಸಲ್ಲಿಸದೆ ತಮ್ಮ ಉದ್ದಿಮೆ ಈಗ ಯಾವ ವರ್ಗದಲ್ಲಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು.

ನೀರು ಎಲ್ಲಿಗೆ ಹೋಗುತ್ತದೆಯೋ ಅದಕ್ಕೆ ತಕ್ಕ ಮಿತಿ

1986ರ ಪರಿಸರ (ಸಂರಕ್ಷಣೆ) ನಿಯಮಗಳ ಆರನೆಯ ಅನುಸೂಚಿಯಲ್ಲಿ ತ್ಯಾಜ್ಯ ನೀರಿನ ಸಾಮಾನ್ಯ ಮಾನದಂಡಗಳಿವೆ. ತಮ್ಮ ಉದ್ದಿಮೆಗೆ ಪ್ರತ್ಯೇಕ ಮಾನದಂಡ ನಿಗದಿಯಾಗಿದ್ದರೆ ಅದೇ ಅನ್ವಯಿಸುತ್ತದೆ, ಇಲ್ಲವಾದರೆ ಈ ಸಾಮಾನ್ಯ ಮಾನದಂಡ. ಸಣ್ಣ ಉದ್ದಿಮೆಗಳಿಗೆ ಮುಖ್ಯವಾದ ಕೆಲವು ಮಿತಿಗಳನ್ನು ಇಲ್ಲಿ ಕೊಟ್ಟಿದೆ. ಪಿಎಚ್ ಹೊರತು ಉಳಿದವು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಓದಿಕೊಳ್ಳಬೇಕು.

- ಪಿಎಚ್: ಸಾರ್ವಜನಿಕ ಒಳಚರಂಡಿಗೂ ಒಳನಾಡಿನ ಮೇಲ್ಮೈ ನೀರಿಗೂ 5.5ರಿಂದ 9.0
- ತೇಲುವ ಘನ ಕಣಗಳು: ಒಳಚರಂಡಿಗೆ 600, ಮೇಲ್ಮೈ ನೀರಿಗೆ 100
- ಜೈವಿಕ ಆಮ್ಲಜನಕ ಬೇಡಿಕೆ, ಅಂದರೆ ಬಿ.ಒ.ಡಿ.: ಒಳಚರಂಡಿಗೆ 350, ಮೇಲ್ಮೈ ನೀರಿಗೆ 30, ನೀರಾವರಿಯ ನೆಲಕ್ಕೆ 100
- ಎಣ್ಣೆ ಮತ್ತು ಜಿಡ್ಡು: ಒಳಚರಂಡಿಗೆ 20, ಮೇಲ್ಮೈ ನೀರಿಗೆ 10
- ಆರು ವೇಲೆನ್ಸಿಯ ಕ್ರೋಮಿಯಂ: ಒಳಚರಂಡಿಗೆ 2.0, ಮೇಲ್ಮೈ ನೀರಿಗೆ 0.1
- ಸತು: ಒಳಚರಂಡಿಗೆ 15, ಮೇಲ್ಮೈ ನೀರಿಗೆ 5
- ಸೀಸ: ಒಳಚರಂಡಿಗೆ 1.0, ಮೇಲ್ಮೈ ನೀರಿಗೆ 0.1
- ಸಯನೈಡ್: ಒಳಚರಂಡಿಗೆ 2.0, ಮೇಲ್ಮೈ ನೀರಿಗೆ 0.2

ಒಳಚರಂಡಿಯ ಮಿತಿಗಳು ಸಡಿಲವಾಗಿರುವುದು ಉದ್ದಿಮೆಗೆ ಕೊಟ್ಟ ರಿಯಾಯಿತಿಯಲ್ಲ. ಒಳಚರಂಡಿಯ ಕೊನೆಯಲ್ಲಿ ಊರಿನ ಕೊಳಚೆ ನೀರು ಶುದ್ಧೀಕರಣ ಘಟಕವಿದ್ದು, ಅಲ್ಲಿನ ಸೂಕ್ಷ್ಮಾಣುಗಳು ಉಳಿದ ಕೆಲಸವನ್ನು ಮಾಡಿ ಮುಗಿಸುತ್ತವೆ ಎಂಬ ನಂಬಿಕೆಯ ಮೇಲೆ ಈ ಮಿತಿಗಳು ನಿಂತಿವೆ. ಅಂತಹ ಜೈವಿಕ ಸಂಸ್ಕರಣೆಯ ಘಟಕಕ್ಕೆ ತಲುಪದ ಚರಂಡಿಗೆ ಬಿಟ್ಟ ನೀರನ್ನು ಒಳನಾಡಿನ ಮೇಲ್ಮೈ ನೀರಿಗೆ ಬಿಟ್ಟಂತೆಯೇ ಪರಿಗಣಿಸಲಾಗುತ್ತದೆ. ಈ ಲೇಖನದ ಮುಖ್ಯ ಅಂಶ ಇದೇ. ಗೇಟಿನ ಮುಂದೆ ಚರಂಡಿ ಇದೆಯೇ ಎಂದಷ್ಟೇ ನೋಡಿದರೆ ಸಾಲದು. ಆ ಚರಂಡಿಯ ಕೊನೆ ಎಲ್ಲಿದೆ ಎಂಬುದನ್ನು ನೋಡಬೇಕು.

ಮೊದಲು ಚರಂಡಿಯ ದಾಖಲೆ

ಉದ್ದಿಮೆದಾರರು ಅರ್ಜಿ ಸಿದ್ಧಪಡಿಸುವ ಮೊದಲೇ ನಗರಸಭೆ, ಪುರಸಭೆ ಅಥವಾ ಗ್ರಾಮ ಪಂಚಾಯಿತಿಯಿಂದ, ಕೈಗಾರಿಕಾ ಪ್ರದೇಶದಲ್ಲಿದ್ದರೆ ಕೆ.ಐ.ಎ.ಡಿ.ಬಿ.ಯಿಂದ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯುವುದು ಒಳ್ಳೆಯದು. ನಮ್ಮ ನಿವೇಶನದ ಮುಂದಿರುವುದು ಮಳೆ ನೀರಿನ ಚರಂಡಿಯೋ ಕೊಳಚೆ ಸಾಗಿಸುವ ಒಳಚರಂಡಿಯೋ? ಒಳಚರಂಡಿಯಾದರೆ ಅದು ಯಾವ ಶುದ್ಧೀಕರಣ ಘಟಕಕ್ಕೆ ಸೇರುತ್ತದೆ, ಆ ಘಟಕ ಕೆಲಸ ಮಾಡುತ್ತಿದೆಯೇ? ಕಾರ್ಖಾನೆಯ ಪೂರ್ವ ಸಂಸ್ಕರಿತ ನೀರಿಗೆ ಸಂಪರ್ಕ ಕೊಡಲು ಸ್ಥಳೀಯ ಸಂಸ್ಥೆ ಒಪ್ಪುತ್ತದೆಯೇ?

ಅಮೆರಿಕದಂತಹ ದೇಶಗಳಲ್ಲಿ ಸಾಮಾನ್ಯವಾಗಿ ಊರಿನ ಒಳಚರಂಡಿ ಸಂಸ್ಥೆಯೇ ಕಾರ್ಖಾನೆಗೆ ಪೂರ್ವ ಸಂಸ್ಕರಣೆಯ ಪರವಾನಗಿ ಕೊಟ್ಟು ತಾನೇ ತಪಾಸಣೆ ನಡೆಸುತ್ತದೆ. ನಮ್ಮಲ್ಲಿ ಹಾಗಿಲ್ಲ. ಒಳಚರಂಡಿಯ ಸಂಪರ್ಕ ಸ್ಥಳೀಯ ಸಂಸ್ಥೆಯದು, ತ್ಯಾಜ್ಯ ಬಿಡುವ ಸಮ್ಮತಿ ಮಂಡಳಿಯದು. ಸ್ಥಳೀಯ ಸಂಸ್ಥೆ ಕೊಟ್ಟ ಸಂಪರ್ಕದ ರಸೀದಿ ಮಂಡಳಿಯ ಸಮ್ಮತಿಗೆ ಸಮನಲ್ಲ. ಹಾಗೆಯೇ ಮಂಡಳಿಯ ಸಮ್ಮತಿ ಬಂದಿತೆಂದು ರಸ್ತೆ ಅಗೆದು ಮ್ಯಾನ್‌ಹೋಲಿಗೆ ಕೊಳವೆ ಜೋಡಿಸುವಂತಿಲ್ಲ. ಎರಡೂ ಬೇಕು.

ಮೂರು ಪ್ರಶ್ನೆಗಳಲ್ಲಿ ಒಂದಕ್ಕಾದರೂ "ಇಲ್ಲ" ಎಂಬ ಉತ್ತರ ಬಂದರೆ ಮೂರು ದಾರಿಗಳಿವೆ: ಮೇಲ್ಮೈ ನೀರಿನ ಕಠಿಣ ಮಿತಿಗೆ ಸಂಸ್ಕರಿಸುವುದು, ಸಂಸ್ಕರಿಸಿದ ನೀರನ್ನು ಆವರಣದೊಳಗೇ ಗಿಡಮರಗಳಿಗೆ ಬಳಸುವುದು ಅಥವಾ ಪ್ರಕ್ರಿಯೆಗೆ ಮರಳಿಸುವುದು, ಇಲ್ಲವೇ ಸಮ್ಮತಿ ಪಡೆದ ಸಾಮೂಹಿಕ ಸಂಸ್ಕರಣಾ ಘಟಕಕ್ಕೆ ಟ್ಯಾಂಕರಿನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳುವುದು. ನೀರಿಗಾಗಿ ನೂರಾರು ಅಡಿ ಕೊರೆಸುವ ನಮ್ಮ ತಾಲ್ಲೂಕುಗಳಲ್ಲಿ ಎರಡನೆಯ ದಾರಿ ಹಲವು ಸಲ ಲಾಭದಾಯಕವೂ ಆಗುತ್ತದೆ.

ಲೆಕ್ಕದ ಒಂದು ಉದಾಹರಣೆ

ಶ್ರೀನಿವಾಸಪುರದಲ್ಲಿ ಮಾವಿನ ತಿರುಳು ತಯಾರಿಸುವ ಘಟಕವೊಂದು ದಿನಕ್ಕೆ 20,000 ಲೀಟರ್ ತೊಳೆಯುವ ನೀರನ್ನು ಹೊರಬಿಡುತ್ತದೆ, ಅದರ ಬಿ.ಒ.ಡಿ. ಲೀಟರಿಗೆ 1,500 ಮಿಲಿಗ್ರಾಂ ಎಂದು ಭಾವಿಸೋಣ. ಇವೆರಡನ್ನೂ ಗುಣಿಸಿದರೆ ದಿನಕ್ಕೆ 30 ಕಿಲೋಗ್ರಾಂ ಬಿ.ಒ.ಡಿ. ಹೊರೆ ಬರುತ್ತದೆ.

ಒಳಚರಂಡಿಯ 350ರ ಮಿತಿಗೆ ತಂದರೆ 7 ಕಿಲೋಗ್ರಾಂ ಉಳಿಯಬಹುದು. ತೆಗೆಯಬೇಕಾದ್ದು 23 ಕಿಲೋಗ್ರಾಂ, ಅಂದರೆ ಶೇಕಡ 77. ನೆಲಕ್ಕೆ ಬಿಡುವ 100ರ ಮಿತಿಗೆ ತರಲು 28 ಕಿಲೋಗ್ರಾಂ, ಅಂದರೆ ಶೇಕಡ 93 ತೆಗೆಯಬೇಕು. ಮೇಲ್ಮೈ ನೀರಿನ 30ರ ಮಿತಿಗಾದರೆ 29.4 ಕಿಲೋಗ್ರಾಂ, ಅಂದರೆ ಶೇಕಡ 98. ಮೊದಲನೆಯದು ಒಂದು ಹಂತದ ಜೈವಿಕ ಸಂಸ್ಕರಣೆಯಿಂದ ಸಾಧ್ಯವಾಗಬಹುದು. ಕೊನೆಯದಕ್ಕೆ ಎರಡು ಹಂತಗಳು, ಹೆಚ್ಚು ಗಾಳಿ, ಹೆಚ್ಚು ವಿದ್ಯುತ್ತು ಮತ್ತು ಕೊನೆಯಲ್ಲಿ ಸೋಸುವ ವ್ಯವಸ್ಥೆ ಬೇಕಾಗುತ್ತವೆ. ಒಳಚರಂಡಿಯೆಂದು ನಂಬಿ ಮೊದಲ ಬಗೆಯ ಘಟಕ ಕಟ್ಟಿಸಿ, ಆ ಚರಂಡಿ ಕೆರೆಗೆ ಸೇರುತ್ತದೆಂದು ತಪಾಸಣೆಯ ದಿನ ತಿಳಿದುಬಂದರೆ ಹಾಕಿದ ಬಂಡವಾಳವೂ ಸಾಲದು, ಉತ್ಪಾದನೆಯೂ ನಿಲ್ಲುತ್ತದೆ.

ಬಹಳಷ್ಟು ನೀರು ಸೇರಿಸಿ ತೆಳುಮಾಡಿದರಾಯಿತು ಎಂಬ ಯೋಚನೆ ಕೆಲವರಿಗೆ ಬರಬಹುದು. ಅದಕ್ಕೆ ಅನುಮತಿಯಿಲ್ಲ, ಲೆಕ್ಕದಲ್ಲೂ ಅದು ನಷ್ಟವೇ. ಲೀಟರಿಗೆ 40 ಮಿಲಿಗ್ರಾಂ ಕ್ರೋಮಿಯಂ ಇರುವ 5,000 ಲೀಟರ್ ನೀರನ್ನು 2ಕ್ಕೆ ಇಳಿಸಲು ಒಟ್ಟು 1,00,000 ಲೀಟರ್ ಆಗುವಷ್ಟು ನೀರು ಬೆರೆಸಬೇಕಾಗುತ್ತದೆ. ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ಊರಿನಲ್ಲಿ ಇದು ಸಲ್ಲದ ಮಾತು. ಚರಂಡಿಗೆ ಸೇರುವ ಒಟ್ಟು ಕ್ರೋಮಿಯಂ ಆಗಲೂ 200 ಗ್ರಾಂ ಆಗಿಯೇ ಉಳಿಯುತ್ತದೆ.

ಉದ್ದಿಮೆಗೆ ತಕ್ಕ ಪೂರ್ವ ಸಂಸ್ಕರಣೆ

ಎಲ್ಲ ಘಟಕಗಳಿಗೂ ಸಾಮಾನ್ಯವಾದ ಮೊದಲ ಅಂಗ ಜಾಲರಿ. ಎರಡನೆಯದು ಸಮೀಕರಣ ತೊಟ್ಟಿ. ಕಾರ್ಖಾನೆಯ ನೀರು ಒಂದೇ ಸಮನೆ ಬರುವುದಿಲ್ಲ. ತೊಟ್ಟಿ ಖಾಲಿ ಮಾಡುವ ಗಳಿಗೆಯಲ್ಲಿ ಬರುವ ಗಟ್ಟಿ ನೀರು ಇಡೀ ದಿನದ ಸಂಸ್ಕರಣೆಯನ್ನು ಕೆಡಿಸಬಲ್ಲದು. ಪಾಳಿಯೊಂದರ ನೀರನ್ನಾದರೂ ಹಿಡಿದಿಟ್ಟು ಕಲಕಿ ಸಮಮಾಡುವ ತೊಟ್ಟಿಯಿದ್ದರೆ ಮುಂದಿನ ಹಂತಗಳು ಸುಸೂತ್ರವಾಗಿ ನಡೆಯುತ್ತವೆ.

ಆಹಾರ ಸಂಸ್ಕರಣೆ: ಮಾವು, ಟೊಮೇಟೊ ಮತ್ತು ಹಾಲಿನ ಉತ್ಪನ್ನಗಳ ಘಟಕಗಳಲ್ಲಿ ವಿಷಕ್ಕಿಂತ ಕೊಳೆಯುವ ಸಾವಯವ ವಸ್ತುವೇ ಸಮಸ್ಯೆ. ಸಿಪ್ಪೆ, ನಾರು ಮತ್ತು ಓಟೆಗಳನ್ನು ನೀರಿಗೆ ಸೇರಿಸದೆ ಒಣಗಿದ್ದಾಗಲೇ ಗುಡಿಸಿ ತೆಗೆಯುವುದು ಅತ್ಯಂತ ಅಗ್ಗದ ಸಂಸ್ಕರಣೆ. ಮಾವಿನ ಕಾಲ ಮೇ ತಿಂಗಳಿನಿಂದ ಜುಲೈವರೆಗೆ ಮಾತ್ರ. ಜೈವಿಕ ಘಟಕದ ಸೂಕ್ಷ್ಮಾಣುಗಳು ಬೆಳೆಯಲು ಎರಡು–ಮೂರು ವಾರ ಬೇಕಾಗುವುದರಿಂದ ಹಂಗಾಮಿಗೆ ಮೊದಲೇ ಸಗಣಿ ನೀರು ಅಥವಾ ನಡೆಯುತ್ತಿರುವ ಘಟಕದ ಕೆಸರನ್ನು ತಂದು ಅದನ್ನು ಸಿದ್ಧಗೊಳಿಸಬೇಕು. ಮೊದಲ ಲೋಡು ಹಣ್ಣು ಬಂದ ದಿನ ಗುಂಡಿ ಒತ್ತಿದರೆ ಘಟಕ ಕೆಲಸ ಮಾಡದು.

ಎಲೆಕ್ಟ್ರೋಪ್ಲೇಟಿಂಗ್ ಮತ್ತು ಲೋಹಕ್ಕೆ ಲೇಪನ: ಮಾಲೂರು, ನರಸಾಪುರ ಮತ್ತು ವೇಮಗಲ್ ಕೈಗಾರಿಕಾ ಪ್ರದೇಶಗಳ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಪೂರೈಸಲು ಬಯಸುವವರಿಗೆ ಇದು ಮುಖ್ಯ. ಕ್ರೋಮಿಯಂ, ಸಯನೈಡ್ ಮತ್ತು ಆಮ್ಲದ ನೀರನ್ನು ಮೂರು ಪ್ರತ್ಯೇಕ ಕೊಳವೆಗಳಲ್ಲಿ ಹೊರತರಬೇಕು. ಸಯನೈಡ್ ನೀರಿಗೆ ಆಮ್ಲ ಸೇರಿದರೆ ಪ್ರಾಣ ತೆಗೆಯುವ ಅನಿಲ ಹುಟ್ಟುತ್ತದೆ. ಸಯನೈಡನ್ನು ಪಿಎಚ್ 10ಕ್ಕಿಂತ ಮೇಲಿಟ್ಟು ಕ್ಲೋರಿನ್‌ನಿಂದ ನಾಶಪಡಿಸುತ್ತಾರೆ. ಕ್ರೋಮಿಯಂ ನೀರನ್ನು ಪಿಎಚ್ 2ರಿಂದ 3ಕ್ಕೆ ಇಳಿಸಿ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿದಾಗ ಹಳದಿ ಬಣ್ಣ ಹಸಿರಿಗೆ ತಿರುಗುತ್ತದೆ. ಒಂದು ಕಿಲೋಗ್ರಾಂ ಕ್ರೋಮಿಯಂಗೆ ಸಿದ್ಧಾಂತದ ಪ್ರಕಾರ ಸುಮಾರು 2.7 ಕಿಲೋಗ್ರಾಂ ಬೇಕು, ರೂಢಿಯಲ್ಲಿ ಇನ್ನೂ ಹೆಚ್ಚು. ಅನಂತರ ಸುಣ್ಣದಿಂದ ಪಿಎಚ್ 8ರಿಂದ 9ಕ್ಕೆ ಏರಿಸಿದರೆ ಲೋಹ ಕೆಸರಾಗಿ ತಳಕ್ಕೆ ಇಳಿಯುತ್ತದೆ. ವಸ್ತುವನ್ನು ಒಂದರ ಹಿಂದೊಂದು ತೊಟ್ಟಿಯಲ್ಲಿ, ನೀರಿನ ಹರಿವಿಗೆ ಎದುರಾಗಿ ತೊಳೆಯುವ ಕ್ರಮವನ್ನು ಅಳವಡಿಸಿಕೊಂಡರೆ ನೀರಿನ ಬಳಕೆ ಬಹಳ ತಗ್ಗಿ, ಘಟಕದ ಗಾತ್ರವೂ ಕಿರಿದಾಗುತ್ತದೆ.

ವಾಹನ ಸರ್ವಿಸ್ ಸ್ಟೇಷನ್: ಮುಳಬಾಗಿಲಿನಂತಹ ಹೆದ್ದಾರಿ ಊರುಗಳಲ್ಲಿ ಎಣ್ಣೆ ಮತ್ತು ಮಣ್ಣು ಮುಖ್ಯ ತೊಂದರೆಗಳು. ಮಣ್ಣು ತಂಗುವ ತೊಟ್ಟಿ, ಆಮೇಲೆ ಮೂರು ಅಂಕಣಗಳ ಎಣ್ಣೆ ಬೇರ್ಪಡಿಸುವ ತೊಟ್ಟಿ ಕಟ್ಟಿಸಿ, ಮೇಲೆ ತೇಲಿದ ಎಣ್ಣೆಯನ್ನು ತಪ್ಪದೆ ತೆಗೆಯಬೇಕು. ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯವಾದುದರಿಂದ ಅಧಿಕೃತ ಮರುಬಳಕೆದಾರರಿಗೇ ಕೊಟ್ಟು ದಾಖಲೆ ಇಡಬೇಕು.

ಪೂರ್ವ ಸಂಸ್ಕರಣೆ ಕೆರೆಗಾಗಿ ಮಾತ್ರವೆಂದು ತಿಳಿಯಬಾರದು. ಆಮ್ಲವು ಒಳಚರಂಡಿಯ ಕಾಂಕ್ರೀಟನ್ನು ತಿನ್ನುತ್ತದೆ, ಜಿಡ್ಡು ಕೊಳವೆಯನ್ನು ಕಟ್ಟಿಸುತ್ತದೆ, ಲೋಹದ ವಿಷ ಊರಿನ ಶುದ್ಧೀಕರಣ ಘಟಕದ ಸೂಕ್ಷ್ಮಾಣುಗಳನ್ನು ಕೊಲ್ಲುತ್ತದೆ. 1981ರ ಫೆಬ್ರುವರಿಯಲ್ಲಿ ಅಮೆರಿಕದ ಲೂಯಿವಿಲ್ ನಗರದಲ್ಲಿ ಸೋಯಾ ಎಣ್ಣೆ ತೆಗೆಯುವ ಕಾರ್ಖಾನೆಯಿಂದ ಒಳಚರಂಡಿಗೆ ಸೇರಿದ ಹೆಕ್ಸೇನ್ ದ್ರಾವಕ ಹೊತ್ತಿಕೊಂಡು ಮೈಲುಗಟ್ಟಲೆ ರಸ್ತೆ ಸ್ಫೋಟಿಸಿತು. ನಮ್ಮಲ್ಲಿ ಮ್ಯಾನ್‌ಹೋಲಿಗೆ ಮನುಷ್ಯರನ್ನು ಅಪಾಯಕರವಾಗಿ ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದ್ದರೂ ಸಾವುಗಳು ನಿಂತಿಲ್ಲ. ಚರಂಡಿಯ ಆ ತುದಿಯಲ್ಲಿ ಒಬ್ಬ ಪೌರಕಾರ್ಮಿಕನಿದ್ದಾನೆ ಎಂಬುದು ಉದ್ದಿಮೆದಾರರ ಮನಸ್ಸಿನಲ್ಲಿರಬೇಕು.

ಅರ್ಜಿಯ ಕ್ರಮ

ಅರ್ಜಿಯನ್ನು ಮಂಡಳಿಯ ಆನ್‌ಲೈನ್ ವ್ಯವಸ್ಥೆಯಲ್ಲಿ ಸಲ್ಲಿಸಬೇಕು. ಶುಲ್ಕವು ಭೂಮಿ, ಕಟ್ಟಡ ಮತ್ತು ಯಂತ್ರೋಪಕರಣಗಳ ಮೇಲಿನ ಬಂಡವಾಳವನ್ನು ಆಧರಿಸಿದೆ. ಆದುದರಿಂದ ಲೆಕ್ಕ ಪರಿಶೋಧಕರ ಪ್ರಮಾಣ ಪತ್ರ ಮೊದಲೇ ಸಿದ್ಧವಿರಲಿ. ಇದರೊಡನೆ ಸಿದ್ಧಪಡಿಸಿಕೊಳ್ಳಬೇಕಾದವು:

1. ನಿವೇಶನದ ಹಂಚಿಕೆ ಪತ್ರ ಅಥವಾ ಭೂ ಪರಿವರ್ತನೆಯ ಆದೇಶ, ಹಾಗೂ ಕೆರೆ, ರಾಜಕಾಲುವೆ, ವಸತಿಗಳ ದೂರ ತೋರಿಸುವ ನಕ್ಷೆ.

2. ಉತ್ಪನ್ನಗಳು, ಕಚ್ಚಾ ವಸ್ತುಗಳು ಮತ್ತು ತಯಾರಿಕೆಯ ಹಂತಗಳ ವಿವರ.

3. ನೀರಿನ ಜಮಾ–ಖರ್ಚು. ಎಷ್ಟು ನೀರು ಎಲ್ಲಿಂದ ಬಂದಿತು, ಉತ್ಪನ್ನದಲ್ಲಿ ಎಷ್ಟು ಸೇರಿತು, ಆವಿಯಾದದ್ದೆಷ್ಟು, ಹೊರಗೆ ಹೋದದ್ದೆಷ್ಟು ಎಂಬ ಲೆಕ್ಕ ಅಂಗಡಿಯ ಖಾತೆಯಂತೆ ಸರಿದೂಗಬೇಕು. ಹತ್ತು ಸಾವಿರ ಲೀಟರ್ ಒಳಬಂದು ಎರಡು ಸಾವಿರ ಮಾತ್ರ ಹೊರಹೋಗುತ್ತದೆಂದು ಬರೆದರೆ ಉಳಿದ ಎಂಟು ಸಾವಿರಕ್ಕೆ ವಿವರಣೆ ಕೊಡಬೇಕಾಗುತ್ತದೆ.

4. ಸಂಸ್ಕರಣಾ ಘಟಕದ ವಿನ್ಯಾಸ, ತೊಟ್ಟಿಗಳ ಅಳತೆ, ಬಳಸುವ ರಾಸಾಯನಿಕಗಳು ಮತ್ತು ಕೆಸರಿನ ವಿಲೇವಾರಿ.

5. ಒಳಚರಂಡಿಯ ಬಗ್ಗೆ ಸ್ಥಳೀಯ ಸಂಸ್ಥೆ ಕೊಟ್ಟ ಪತ್ರ.

ಪೂರ್ಣ ಅರ್ಜಿ ಸಲ್ಲಿಸಿ ನಾಲ್ಕು ತಿಂಗಳೊಳಗೆ ಮಂಡಳಿ ಒಪ್ಪಿಗೆಯನ್ನಾಗಲಿ ನಿರಾಕರಣೆಯನ್ನಾಗಲಿ ತಿಳಿಸದಿದ್ದರೆ ಸಮ್ಮತಿ ದೊರೆತಂತೆಯೇ ಭಾವಿಸಬೇಕೆಂದು 25ನೆಯ ಪ್ರಕರಣದ 7ನೆಯ ಉಪಪ್ರಕರಣ ಹೇಳುತ್ತದೆ. ಆದರೆ ಅರ್ಜಿ ಅಪೂರ್ಣವಾಗಿದ್ದು ಕೇಳಿದ ವಿವರಗಳನ್ನು ಕೊಡದೆ ಕುಳಿತವರು ಈ ರಕ್ಷಣೆಯನ್ನು ನೆಚ್ಚಿಕೊಳ್ಳಬಾರದು.

ಸಮ್ಮತಿ ಪತ್ರ ಬಂದ ಮೇಲೆ

ಸಮ್ಮತಿ ಪತ್ರವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರೆ ಕೆಲಸ ಮುಗಿಯುವುದಿಲ್ಲ. ಅದರಲ್ಲಿ ನಮೂದಾದ ಉತ್ಪನ್ನ, ಪ್ರಮಾಣ, ನೀರಿನ ಲೀಟರುಗಳು ಮತ್ತು ಅವಧಿಯ ಮಿತಿಯೊಳಗೆ ಮಾತ್ರ ಅದು ಊರ್ಜಿತ. ಉತ್ಪಾದನೆ ಹೆಚ್ಚಿಸುವ ಮೊದಲೂ ಅವಧಿ ಮುಗಿಯುವ ಮೊದಲೂ ಮತ್ತೆ ಅರ್ಜಿ ಸಲ್ಲಿಸಬೇಕು. ಒಳಬರುವ ಮತ್ತು ಹೊರಹೋಗುವ ನೀರಿಗೆ ಮೀಟರು, ಸಂಸ್ಕರಣಾ ಘಟಕಕ್ಕೆ ಪ್ರತ್ಯೇಕ ವಿದ್ಯುತ್ ಮೀಟರು ಅಳವಡಿಸಿ ದಿನಚರಿ ಬರೆದಿಡುವುದು ಲೇಸು. ಘಟಕ ನಿಜವಾಗಿ ನಡೆದಿದೆ ಎಂಬುದಕ್ಕೆ ವಿದ್ಯುತ್ ಮೀಟರಿನ ಅಂಕಿಗಿಂತ ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ.

ಪ್ಲೇಟಿಂಗ್ ಘಟಕದ ಕೆಸರು 2016ರ ನಿಯಮಗಳಂತೆ ಅಪಾಯಕಾರಿ ತ್ಯಾಜ್ಯ. ಅದಕ್ಕೆ ಪ್ರತ್ಯೇಕ ಅಧಿಕಾರ ಪತ್ರ ಬೇಕು, ಸಾಮಾನ್ಯವಾಗಿ 90 ದಿನಗಳಿಗಿಂತ ಹೆಚ್ಚು ಕಾಲ ಆವರಣದಲ್ಲಿ ಇಟ್ಟುಕೊಳ್ಳುವಂತಿಲ್ಲ. ಅದರ ವಾರ್ಷಿಕ ವಿವರವನ್ನು ಪ್ರತಿ ವರ್ಷ ಜೂನ್ 30ರೊಳಗೂ ಪರಿಸರ ವಿವರಣಾ ಪತ್ರವನ್ನು ಸೆಪ್ಟೆಂಬರ್ 30ರೊಳಗೂ ಸಲ್ಲಿಸಬೇಕು. ನೀರಿನ ಉಪಕರವು 2017ರಲ್ಲಿ ಜಿ.ಎಸ್.ಟಿ. ಜಾರಿಗೆ ಬಂದಾಗ ರದ್ದಾದುದರಿಂದ ಆ ಲೆಕ್ಕ ಮಾತ್ರ ಈಗ ಇಲ್ಲ. ತೊಟ್ಟಿ ಒಡೆದು ಅಥವಾ ಬೇರೆ ಅವಘಡದಿಂದ ವಿಷದ ನೀರು ಹೊರಹೋದರೆ ಒಡನೆಯೇ ಮಂಡಳಿಗೆ ತಿಳಿಸಬೇಕೆಂದು 31ನೆಯ ಪ್ರಕರಣ ವಿಧಿಸುತ್ತದೆ. ಮುಚ್ಚಿಡುವುದು ಎರಡನೆಯ ತಪ್ಪಾಗುತ್ತದೆ.

ತಪಾಸಣೆ ಮತ್ತು ಉದ್ದಿಮೆದಾರರ ಹಕ್ಕು

ಅಧಿಕಾರಿಗಳಿಗೆ ಆವರಣ ಪ್ರವೇಶಿಸಿ ಮಾದರಿ ತೆಗೆಯುವ ಅಧಿಕಾರವಿದೆ. ಅದಕ್ಕೆ ಅಡ್ಡಿಪಡಿಸಬಾರದು. ಆದರೆ 21ನೆಯ ಪ್ರಕರಣ ಉದ್ದಿಮೆದಾರರಿಗೂ ರಕ್ಷಣೆ ಕೊಟ್ಟಿದೆ. ಪರೀಕ್ಷೆಗೆ ಕಳುಹಿಸುವ ಉದ್ದೇಶವನ್ನು ನೋಟಿಸಿನ ಮೂಲಕ ತಿಳಿಸಿ, ಅವರ ಸಮ್ಮುಖದಲ್ಲಿ ಮಾದರಿಯನ್ನು ಎರಡು ಭಾಗ ಮಾಡಿ, ಮೊಹರು ಹಾಕಿ, ಇಬ್ಬರೂ ಸಹಿ ಮಾಡಬೇಕು. ಉದ್ದಿಮೆದಾರರು ಕೋರಿದರೆ ಎರಡನೆಯ ಭಾಗ ಕಾಯಿದೆ ಸೂಚಿಸುವ ಬೇರೆ ಪ್ರಯೋಗಾಲಯಕ್ಕೆ ಹೋಗುತ್ತದೆ. ಈ ಕ್ರಮ ಪಾಲಿಸದ ಮಾದರಿಯ ಫಲಿತಾಂಶವನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಬಳಸುವಂತಿಲ್ಲ. ಮಾಲೀಕರಿಲ್ಲದ ವೇಳೆ ಏನು ಮಾಡಬೇಕೆಂಬುದನ್ನು ಮೇಲ್ವಿಚಾರಕರಿಗೂ ತಿಳಿಸಿಕೊಟ್ಟಿರಬೇಕು.

ಸಮ್ಮತಿ ನಿರಾಕರಣೆಯಾದರೆ ಅಥವಾ ಷರತ್ತು ಅಸಾಧ್ಯವೆನಿಸಿದರೆ 28ನೆಯ ಪ್ರಕರಣದಡಿ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಅದರ ಮೇಲಿನ ಹಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ. ನಮ್ಮ ರಾಜ್ಯ ಅದರ ಚೆನ್ನೈ ಪೀಠದ ವ್ಯಾಪ್ತಿಗೆ ಸೇರಿದೆ.

ತಪ್ಪಿದವರಿಗೆ ಬೀಳುವ ಹೊರೆ

33-ಎ ಪ್ರಕರಣದಡಿ ಮಂಡಳಿಯು ಘಟಕ ಮುಚ್ಚಿಸಲೂ ವಿದ್ಯುತ್ತು, ನೀರು ನಿಲ್ಲಿಸಲೂ ನಿರ್ದೇಶಿಸಬಹುದು. ಪ್ರಾಥಮಿಕ ಸಂಸ್ಕರಣಾ ಘಟಕ ಸುಸ್ಥಿತಿಯಲ್ಲಿ ನಡೆಯದ ಹೊರತು ಸಮ್ಮತಿಯ ಅಗತ್ಯವಿರುವ ಉದ್ದಿಮೆಗಳು ನಡೆಯಕೂಡದೆಂದು ಸರ್ವೋಚ್ಚ ನ್ಯಾಯಾಲಯ 2017ರ ಫೆಬ್ರುವರಿ 22ರಂದು ಆದೇಶಿಸಿದೆ. 2024ರ ತಿದ್ದುಪಡಿ ಕಾಯಿದೆಯು ಹಲವು ಸಣ್ಣ ಉಲ್ಲಂಘನೆಗಳಿಗೆ ಸೆರೆವಾಸದ ಬದಲು 10,000 ರೂಪಾಯಿಗಳಿಂದ 15 ಲಕ್ಷ ರೂಪಾಯಿಗಳವರೆಗೆ ದಂಡವನ್ನು ಇರಿಸಿತು. ವಿಧಾನಮಂಡಲದ ನಿರ್ಣಯದ ಮೂಲಕ ಅಂಗೀಕರಿಸಿದ ರಾಜ್ಯಗಳಿಗೆ ಮಾತ್ರ ಅದು ಅನ್ವಯಿಸುತ್ತದೆ. ಸಮ್ಮತಿಯಿಲ್ಲದೆ ಉದ್ದಿಮೆ ಸ್ಥಾಪಿಸುವುದಕ್ಕೆ ಇರುವ ಆರು ವರ್ಷಗಳವರೆಗಿನ ಸೆರೆವಾಸವನ್ನು ಆ ತಿದ್ದುಪಡಿಯೂ ತೆಗೆದಿಲ್ಲ.

ಪರಿಸರ ಪರಿಹಾರದ ಮೊತ್ತಕ್ಕೆ ಕೇಂದ್ರ ಮಂಡಳಿ ರೂಪಿಸಿದ ಸೂತ್ರವೊಂದಿದೆ. ಮಾಲಿನ್ಯ ಸೂಚ್ಯಂಕ, ಉಲ್ಲಂಘನೆಯ ದಿನಗಳು, ರೂಪಾಯಿ ಗುಣಕ, ಉದ್ದಿಮೆಯ ಗಾತ್ರ ಮತ್ತು ಸ್ಥಳದ ಗುಣಕ ಇವುಗಳ ಗುಣಲಬ್ಧವೇ ಆ ಮೊತ್ತ. ಕಿತ್ತಳೆ ವರ್ಗದ ಸಣ್ಣ ಘಟಕಕ್ಕೆ ಸೂಚ್ಯಂಕ 50, ರೂಪಾಯಿ ಗುಣಕ 250, ಗಾತ್ರ 0.5, ಸಣ್ಣ ಊರಿಗೆ ಸ್ಥಳದ ಗುಣಕ 1 ಎಂದು ಹಿಡಿದರೆ ದಿನಕ್ಕೆ 6,250 ರೂಪಾಯಿ. ಅರುವತ್ತು ದಿನಗಳಿಗೆ 3,75,000 ರೂಪಾಯಿ ಆಗುತ್ತದೆ. ಇಂತಹ ಪರಿಹಾರ ವಿಧಿಸುವ ಅಧಿಕಾರ ಮಂಡಳಿಗಳಿಗಿದೆ ಎಂದು ಸರ್ವೋಚ್ಚ ನ್ಯಾಯಾಲಯ 2025ರ ಆಗಸ್ಟ್ 4ರಂದು ಎತ್ತಿಹಿಡಿದು, ಅಗತ್ಯ ನಿಯಮಗಳನ್ನು ರೂಪಿಸಿ ಅದನ್ನು ಚಲಾಯಿಸಬೇಕೆಂದು ಹೇಳಿದೆ.

ಸಂಘಟಿತ ಪ್ರಯತ್ನ ಅಗತ್ಯ

ದಿನಕ್ಕೆ ಎರಡು–ಮೂರು ಸಾವಿರ ಲೀಟರ್ ನೀರು ಬಿಡುವ ಸಣ್ಣ ಘಟಕಕ್ಕೆ ರಸಾಯನಜ್ಞರನ್ನು ನೇಮಿಸಿಕೊಂಡು ಸಂಪೂರ್ಣ ಘಟಕ ನಡೆಸುವುದು ಭಾರವೆಂಬುದು ನಿಜ. ಆ ಭಾರವನ್ನು ಹಂಚಿಕೊಳ್ಳುವ ದಾರಿಯೇ ಸಾಮೂಹಿಕ ಸಂಸ್ಕರಣಾ ಘಟಕ. ವೆಲ್ಲೂರಿನ ಸಣ್ಣ ಚರ್ಮೋದ್ಯಮಗಳಿಗೆ ನ್ಯಾಯಾಲಯ ತೋರಿಸಿದ ದಾರಿಗಳಲ್ಲಿ ಅದೂ ಒಂದು. ಅಲ್ಲಿ ಅದು ದಂಡ ಮತ್ತು ಬೀಗಗಳ ಭಯದಲ್ಲಿ ಬಂದಿತು. ನಾವು ಮೊದಲೇ ಯೋಚಿಸಬಹುದು. ಒಂದೇ ಕೈಗಾರಿಕಾ ಪ್ರದೇಶದ ಸದಸ್ಯರು ತಮ್ಮ ನೀರಿನ ಪ್ರಮಾಣ, ಸ್ವರೂಪ ಮತ್ತು ಬರುವ ವೇಳೆಯನ್ನು ಮೂರು ತಿಂಗಳು ಬರೆದಿಟ್ಟು ಒಟ್ಟುಗೂಡಿಸಿದರೆ ಕೆ.ಐ.ಎ.ಡಿ.ಬಿ. ಮತ್ತು ಮಂಡಳಿಯ ಮುಂದೆ ಅಂಕಿ–ಅಂಶಗಳೊಡನೆ ಮಾತನಾಡಲು ಸಾಧ್ಯವಾಗುತ್ತದೆ. ಒಳಚರಂಡಿ ಬೇಕೆಂಬ ಬರಿಯ ಮನವಿಗಿಂತ ದಿನಕ್ಕೆ ಇಷ್ಟು ಸಾವಿರ ಲೀಟರ್, ಇಷ್ಟು ಕಿಲೋಗ್ರಾಂ ಹೊರೆ ಎಂಬ ಪಟ್ಟಿಗೆ ತೂಕ ಹೆಚ್ಚು.

ಸದಸ್ಯರು ಈ ತಿಂಗಳೇ ಮಾಡಬಹುದಾದ ಕೆಲಸವೊಂದಿದೆ. ಸಮ್ಮತಿ ಪತ್ರವನ್ನು ಹೊರತೆಗೆದು ಅವಧಿ, ಉತ್ಪಾದನೆಯ ಮಿತಿ ಮತ್ತು ತ್ಯಾಜ್ಯ ನೀರು ಬಿಡುವ ಸ್ಥಳದ ಸಾಲುಗಳನ್ನು ಓದಿ. ಅನಂತರ ಕಾರ್ಖಾನೆಯ ಗೇಟಿನಿಂದ ಚರಂಡಿಯ ಜೊತೆಗೇ ಅದರ ಕೊನೆಯವರೆಗೆ ನಡೆದು ನೋಡಿ. ಪತ್ರದಲ್ಲಿ ಬರೆದಿರುವುದಕ್ಕೂ ಕಣ್ಣಿಗೆ ಕಂಡದ್ದಕ್ಕೂ ತಾಳೆಯಾಗದಿದ್ದರೆ, ತಪಾಸಣೆಯ ನೋಟಿಸು ಬರುವ ಮೊದಲೇ ತಿದ್ದುಪಡಿಯ ಅರ್ಜಿ ಸಲ್ಲಿಸುವುದು ಉತ್ತಮ.